ಕಲೆ ಉಚಿತ, ಕಾರಿಗೆ ದುಡ್ಡು

ಲಾಸ್ ಏಂಜಲೀಸಿನ ಆಸುಪಾಸಿನಲ್ಲಿರುವ ಕನ್ನಡಿಗನಿಗೆ ಮ್ಯೂಸಿಯಂ ನೋಡುವ ಆಸೆ ತಾನಾಗಿ ಹುಟ್ಟುವುದಿಲ್ಲ. ಅದಕ್ಕೆ ಊರಿನಿಂದ ಅತ್ತೆ ಮಾವ ಬರಬೇಕು. ಬಂದವರು ಆರು ತಿಂಗಳು ಇರುತ್ತಾರೆ. ಡಿಸ್ನಿಲ್ಯಾಂಡು ಒಂದು ದಿನಕ್ಕೆ ಮುಗಿಯುತ್ತದೆ. ಹಾಲಿವುಡ್ ಎಂದು ಬೆಟ್ಟದ ಮೇಲೆ ನಿಲ್ಲಿಸಿರುವ ಅಕ್ಷರಗಳನ್ನು ಕಾರಿನ ಕಿಟಕಿಯಿಂದ ತೋರಿಸಿದರೆ, "ಓದಿದ್ವಲ್ಲ, ಇನ್ನೇನು?" ಎನ್ನುತ್ತಾರೆ. ಆರ್ಟೀಷಿಯದ ಪಯೊನೀರ್ ಬುಲೆವಾರ್ಡಿಗೆ ಕರೆದುಕೊಂಡು ಹೋದರೆ ಸೀರೆ ಅಂಗಡಿ, ಸ್ವೀಟು ಅಂಗಡಿ, ದೋಸೆ ಹೋಟೆಲುಗಳನ್ನು ನೋಡಿ, "ಇದನ್ನ ನೋಡೋಕ್ಕೆ ಮೈಸೂರಿಂದ ಬರಬೇಕಾಗಿತ್ತಾ ಅಳಿಯಂದ್ರೇ?" ಎಂದು ಮಾವ ಕೇಳುತ್ತಾರೆ. ಕೊನೆಗೆ ಉಳಿಯುವುದು ಮ್ಯೂಸಿಯಮ್ಮುಗಳು. ಅವು ಈ ಊರಿನಲ್ಲಿ ಬೇಕಾದಷ್ಟಿವೆ. ಕಾರು ನಿಲ್ಲಿಸುವ ಜಾಗ ಮಾತ್ರ ಅಷ್ಟಿಲ್ಲ.

ನನ್ನ ಮನೆಯ ಪ್ರೇಕ್ಷಕವರ್ಗವನ್ನು ಪರಿಚಯಿಸಿಬಿಡುತ್ತೇನೆ. ಮಾವ ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರಾಗಿ ನಿವೃತ್ತರಾದವರು. ಚಿತ್ರವನ್ನು ನೋಡುವುದಿಲ್ಲ, ಅದರ ಪಕ್ಕದ ಚೀಟಿಯನ್ನು ಓದುತ್ತಾರೆ. ಇಂಗ್ಲಿಷಿನದು ಮುಗಿದ ಮೇಲೆ ಕೆಳಗಿರುವ ಸ್ಪ್ಯಾನಿಷನ್ನೂ ಒಂದು ಸಲ ನೋಡುತ್ತಾರೆ, ಏನಾದರೂ ಬಿಟ್ಟುಹೋಗಿದ್ದರೆ ಎಂದು. ಅತ್ತೆಗೆ ಚೀಟಿಯ ಹಂಗಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತಲೆ ಕೋಣೆಯಲ್ಲಿಟ್ಟಿರುವ ದೀಪದ ಹೆಂಗಸಿನ ಚಿತ್ರವೇ ಅವರಿಗೆ ಅಳತೆಗೋಲು. ಜಗತ್ತಿನ ಸಕಲ ಕಲಾಕೃತಿಗಳನ್ನೂ ಅದರ ಪಕ್ಕ ನಿಲ್ಲಿಸಿ ಫೇಲು ಮಾಡುತ್ತಾರೆ. "ಅಂಥದ್ದು ಆ ರವಿವರ್ಮನಿಗೆ ಬಿಟ್ಟು ಇನ್ಯಾರಿಗೆ ಬಂದೀತು?" ಎಂದು ಅವರು ಅಂದಾಗಲೆಲ್ಲ, "ಅದು ರವಿವರ್ಮನದ್ದಲ್ಲ ಕಣೇ, ಹಲ್ದಂಕರ್ ಬರೆದಿದ್ದು" ಎಂದು ಮಾವ ತಿದ್ದುತ್ತಾರೆ. ಮದುವೆಯಾದಾಗಿನಿಂದ ತಿದ್ದುತ್ತಿದ್ದಾರಂತೆ. ಹೆಂಡತಿಗೆ ಚಿತ್ರಕ್ಕಿಂತ ಅದನ್ನು ಕೊಂಡವನ ಸಂಸಾರದಲ್ಲಿ ಆಸಕ್ತಿ. ಮಗ ಫೋನು ಹಿಡಿದುಕೊಂಡು ನನ್ನ ಹಿಂದೆ ಬರುತ್ತಾನೆ, ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಅಲ್ಲೇ ಪರೀಕ್ಷಿಸಲು.

ಇನ್ನು ನಾನು. ಕಲೆಯ ವಿಷಯದಲ್ಲಿ ನನ್ನ ಬಂಡವಾಳ ಕತ್ತನ್ನು ಓರೆ ಮಾಡಿ ನಿಲ್ಲುವುದು, ಎರಡು ಹೆಜ್ಜೆ ಹಿಂದಕ್ಕೆ ಹೋಗುವುದು, "ಬೆಳಕು ನೋಡಿ, ಬೆಳಕು" ಎನ್ನುವುದು. ಯಾವ ಚಿತ್ರಕ್ಕಾದರೂ ಇದು ನಡೆಯುತ್ತದೆ. ಒಂದು ಸಲ ಅಗ್ನಿಶಾಮಕದ ಕೆಂಪು ಪೆಟ್ಟಿಗೆಗೂ ನಡೆಯಿತು. ಆದರೆ ನನ್ನ ನಿಜವಾದ ಪಾಂಡಿತ್ಯ ಇರುವುದು ಪಾರ್ಕಿಂಗಿನಲ್ಲಿ. ಎಲ್ಲಿ ಎಷ್ಟು, ಎಷ್ಟು ಹೊತ್ತಿನ ಮೇಲೆ ಇಳಿಯುತ್ತದೆ, ಯಾವ ಅಡ್ಡರಸ್ತೆಯಲ್ಲಿ ಯಾವ ವಾರ ಕಸ ಗುಡಿಸುವ ಗಾಡಿ ಬರುತ್ತದೆ, ಎಲ್ಲ ಬಾಯಿಪಾಠ.

ಇಂಥವನಿಗೆ ಜೆ. ಪಾಲ್ ಗೆಟ್ಟಿಯ ಮೇಲೆ ಭಕ್ತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಎಣ್ಣೆ ಬಾವಿಗಳಿಂದ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ ಈ ಮನುಷ್ಯ ಇಂಗ್ಲೆಂಡಿನ ತನ್ನ ಬಂಗಲೆಯಲ್ಲಿ ಅತಿಥಿಗಳ ಬಳಕೆಗೆಂದು ಕಾಸು ಹಾಕಿ ಮಾತಾಡುವ ಫೋನು ಇಡಿಸಿದ್ದ. ಓದಿದಾಗ ನನಗೆ ರೋಮಾಂಚನವಾಯಿತು. ನಮ್ಮ ಮನೆಗೆ ಬರುವ ಬಂಧುಗಳು ಏಸಿ ಹಾಕಿಕೊಂಡು ಮಲಗುವಾಗ ಇಂಥದೊಂದು ಯಂತ್ರದ ಕನಸನ್ನು ನಾನೂ ಕಂಡವನು. ಅವನ ಹೆಸರಿನ ಗೆಟ್ಟಿ ಸೆಂಟರು 1997ರಲ್ಲಿ ಬ್ರೆಂಟ್‌ವುಡ್ಡಿನ ಗುಡ್ಡದ ಮೇಲೆ ತೆರೆಯಿತು. ರಿಚರ್ಡ್ ಮೈಯರ್ ಎಂಬ ವಾಸ್ತುಶಿಲ್ಪಿಯ ನಕ್ಷೆ, ಇಟಲಿಯಿಂದ ಹಡಗಿನಲ್ಲಿ ತರಿಸಿದ 16,000 ಟನ್ ಟ್ರಾವರ್ಟೀನ್ ಕಲ್ಲು. ಒಳಗೆ ಹೋಗಲು ಟಿಕೆಟ್ಟಿಗೆ ದುಡ್ಡಿಲ್ಲ, ಪೂರ್ತಿ ಉಚಿತ. ಆದರೆ ಗುಡ್ಡದ ಬುಡದಲ್ಲಿ ಕಾರು ನಿಲ್ಲಿಸಬೇಕು, ಅದಕ್ಕೆ ದುಡ್ಡು. ಮಧ್ಯಾಹ್ನ 3 ಗಂಟೆಯ ನಂತರ ಹೋದರೆ ಕಡಿಮೆ. ಅತಿಥಿಗಳ ಫೋನಿನ ಸಂಪ್ರದಾಯ ಸಂಸ್ಥಾಪಕ ತೀರಿಕೊಂಡ ಮೇಲೂ ನಡೆದುಕೊಂಡು ಬಂದಿದೆಯಲ್ಲ ಎಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮೂರು ಗಂಟೆಗೆ ಇನ್ನೂ ಸಮಯವಿದ್ದರೆ ಏನು ಮಾಡಬೇಕು? 405 ಹೆದ್ದಾರಿಯಲ್ಲಿ ಕಾರು ಓಡಿಸಬೇಕು. ಓಡಿಸುವುದೆಂದರೆ ಕೂತಿರುವುದು. ಆ ಹೆದ್ದಾರಿ ನಿಮ್ಮನ್ನು ಎಲ್ಲಿಗೂ ಬೇಗ ತಲುಪಿಸುವ ಪೈಕಿಯಲ್ಲ, ಆದ್ದರಿಂದ ಪಾರ್ಕಿಂಗ್ ದರ ಇಳಿಯುವ ಹೊತ್ತಿಗೆ ಸರಿಯಾಗಿ ಬಿಡುತ್ತದೆ. "ಪೆಟ್ರೋಲು ಎಷ್ಟಾಯ್ತು ಅಂತ ಲೆಕ್ಕ ಹಾಕಿದ್ರಾ?" ಎಂದಳು ಹೆಂಡತಿ. ಕಲೆಯನ್ನು ಹಾಗೆಲ್ಲ ದುಡ್ಡಿನಲ್ಲಿ ಅಳೆಯಬಾರದು ಎಂದೆ.

ಕೆಳಗಿನಿಂದ ಮೇಲಕ್ಕೆ ಚಾಲಕನಿಲ್ಲದ ಪುಟ್ಟ ರೈಲು. ಅದು ಪುಕ್ಕಟೆಯಾದ್ದರಿಂದ ಅದರಲ್ಲೇ ಇನ್ನೊಂದು ಸಲ ಇಳಿದು ಹತ್ತೋಣ ಎಂಬ ನನ್ನ ಸಲಹೆಗೆ ಯಾರೂ ಕಿವಿಗೊಡಲಿಲ್ಲ. ಮೇಲೆ ಹುಲ್ಲಿನ ಮೇಲೆ ಕೂತು ಬುತ್ತಿ ಬಿಚ್ಚಬಹುದು. ಪೆಸಿಫಿಕ್ ಸಾಗರವನ್ನು ನೋಡುತ್ತ ಪುಳಿಯೋಗರೆ ತಿನ್ನುವಾಗ, ಗ್ಯಾಲರಿಗಳನ್ನು ಇನ್ನೂ ನೋಡಿಲ್ಲ ಎಂಬುದು ಎಲ್ಲರಿಗೂ ಮರೆತುಹೋಗಿತ್ತು. ಅತ್ತೆ ಅಲ್ಲೇ ಸೆರಗು ಹೊದ್ದು ಒಂದು ಕಣ್ಣು ನಿದ್ದೆ ತೆಗೆದರು.

ಒಳಗೆ ವ್ಯಾನ್ ಗೋನ ಐರಿಸ್ ಹೂಗಳ ಚಿತ್ರದ ಮುಂದೆ ಗುಂಪು. ನಾನು ಕತ್ತು ಓರೆ ಮಾಡಿ, "1889ರಲ್ಲಿ, ಮಾನಸಿಕ ಚಿಕಿತ್ಸಾಲಯ ಸೇರಿದ ಹೊಸತರಲ್ಲಿ ಬರೆದದ್ದು. ಬೆಳಕು ನೋಡಿ" ಎಂದು ಶುರುಮಾಡಿದೆ. ಈ ಚಿತ್ರ 1987ರ ಹರಾಜಿನಲ್ಲಿ 5 ಕೋಟಿ 39 ಲಕ್ಷ ಡಾಲರಿಗೆ ಹೋಯಿತು, ಕೊಂಡ ಆಸ್ಟ್ರೇಲಿಯದ ಅಲನ್ ಬಾಂಡ್ ಹರಾಜಿನವರಿಂದಲೇ ಅರ್ಧ ದುಡ್ಡು ಸಾಲ ಪಡೆದು ತೀರಿಸಲಾಗದೆ ಕೈಚೆಲ್ಲಿದ, 1990ರಲ್ಲಿ ಗೆಟ್ಟಿಯವರು ಕೊಂಡರು ಎಂದು ಕಥೆಯನ್ನೂ ಹೇಳಿದೆ. ಮಗ ಫೋನು ನೋಡಿ, "ಕರೆಕ್ಟ್" ಎಂದ. ಅವನ ದನಿಯಲ್ಲಿ ನಿರಾಸೆ ಇತ್ತು. ಅತ್ತೆ ಮಾತ್ರ ನನ್ನ ಉಪನ್ಯಾಸ ಕೇಳಿಸಿಕೊಳ್ಳದೆ ಚಿತ್ರವನ್ನೇ ನೋಡುತ್ತಿದ್ದರು. "ಇಷ್ಟೂ ನೀಲಿ ಹೂವಿನ ಮಧ್ಯೆ ಒಂದೇ ಒಂದು ಬಿಳೀದು ಬರೆದಿದಾನೆ, ನೋಡಿದ್ರಾ?" ಎಂದರು. ನಾನು ನೋಡಿರಲಿಲ್ಲ. ಎಷ್ಟೋ ಸಲ ಆ ಚಿತ್ರದ ಮುಂದೆ ನಿಂತು ಬೆಳಕು ತೋರಿಸಿದ್ದೇನೆ, ಬಿಳಿ ಹೂವನ್ನು ನೋಡಿಲ್ಲ.

ಗೆಟ್ಟಿಯ ಇನ್ನೊಂದು ಮ್ಯೂಸಿಯಂ ಕಡಲ ದಂಡೆಯ ಹತ್ತಿರದ ಗೆಟ್ಟಿ ವಿಲ್ಲಾ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಹೂತುಹಾಕಿದ ಹರ್ಕ್ಯುಲೇನಿಯಮ್ಮಿನ ಒಂದು ರೋಮನ್ ಬಂಗಲೆಯ ಮಾದರಿಯಲ್ಲಿ ಕಟ್ಟಿದ್ದು. 1974ರಲ್ಲಿ ತೆರೆಯಿತು, ಗೆಟ್ಟಿ ತೀರಿಕೊಂಡದ್ದು 1976ರಲ್ಲಿ. ಈ ನಡುವೆ ಇಂಗ್ಲೆಂಡ್ ಬಿಟ್ಟು ಬರಲಿಲ್ಲ, ತಾನು ಕಟ್ಟಿಸಿದ್ದನ್ನು ಒಂದು ಸಲವೂ ನೋಡಲಿಲ್ಲ. ಅಲ್ಲಿಗೂ ಟಿಕೆಟ್ಟು ಉಚಿತ, ಆದರೆ ಮುಂಚೆಯೇ ಸಮಯ ಕಾದಿರಿಸಬೇಕು, ಕಾರಿಗೆ ಯಥಾಪ್ರಕಾರ. "ಕಟ್ಟಿಸಿದವನೇ ಬಂದು ನೋಡಿಲ್ಲ, ನಾವ್ಯಾಕ್ರೀ ಬೆಳಗ್ಗೆ ಎದ್ದು ಒದ್ದಾಡಬೇಕು?" ಎಂದಳು ಹೆಂಡತಿ. ನನಗನ್ನಿಸುವುದೇ ಬೇರೆ. ಪಾರ್ಕಿಂಗಿಗೆ ಎಷ್ಟು ಕೊಡಬೇಕೆಂದು ಅವನಿಗೆ ಯಾರೋ ಹೇಳಿರಬೇಕು.

ವಿಲ್ಶೈರ್ ಬುಲೆವಾರ್ಡಿನ ಲಾ ಬ್ರೇ ಡಾಂಬರು ಹೊಂಡಗಳು ನಮ್ಮ ಮಾವನಿಗೆ ಮೊದಲು ಹಿಡಿಸಲಿಲ್ಲ. "ಡಾಂಬರು ನೋಡೋಕ್ಕೆ ಟಿಕೆಟ್ಟೇ? ನಮ್ಮ ಬಡಾವಣೇಲಿ ಪಿಡಬ್ಲ್ಯುಡಿಯವರು ಪುಕ್ಕಟೆ ಕುದಿಸ್ತಾರಲ್ಲ" ಎಂದರು. ಇದು ನೆಲದೊಳಗಿನಿಂದ ಹತ್ತಾರು ಸಾವಿರ ವರ್ಷಗಳಿಂದ ತಾನಾಗಿ ಉಕ್ಕುತ್ತಿರುವ ಡಾಂಬರು. ಹಿಮಯುಗದ ಪ್ರಾಣಿಗಳು ಅದರಲ್ಲಿ ಸಿಕ್ಕಿಕೊಂಡು ಸತ್ತವು, ಮೂಳೆಗಳು ಹಾಗೇ ಉಳಿದವು. ಹೊಂಡದಲ್ಲಿ ಮ್ಯಾಮತ್ ಆನೆಗಳ ಸಂಸಾರದ ಪ್ರತಿಮೆಗಳಿವೆ. ಒಂದು ಮುಳುಗುತ್ತಿದೆ, ಇನ್ನೊಂದು ದೊಡ್ಡದು ಮರಿಯ ಜೊತೆ ದಡದಲ್ಲಿದೆ. ಮುಳುಗುತ್ತಿರುವುದು ಹೆಣ್ಣೇ ಎಂದು ಅತ್ತೆ ತೀರ್ಮಾನಿಸಿದರು. "ಹೆಂಡತಿ ಮುಳುಗ್ತಾ ಇದ್ರೆ ಗಂಡ ದಡದಲ್ಲಿ ನಿಂತು ನೋಡ್ತಿದಾನೆ" ಎಂದರು. "ನೋಡ್ತಿಲ್ಲ ಅಮ್ಮ, ಬೆಳಕು ನೋಡಿ ಬೆಳಕು ಅಂತಿದಾನೆ" ಎಂದಳು ನನ್ನ ಹೆಂಡತಿ.

ಒಳಗೆ ಗೋಡೆಯೊಂದರ ತುಂಬ ಡೈರ್ ತೋಳಗಳ ತಲೆಬುರುಡೆಗಳು, 400ಕ್ಕೂ ಹೆಚ್ಚು. ಮಾವನಿಗೆ ಇಲ್ಲಿ ಜೀವ ಬಂತು. ಸಾಮಾನ್ಯವಾಗಿ ಕಾಡಿನಲ್ಲಿ ಹುಲ್ಲು ಮೇಯುವ ಪ್ರಾಣಿಗಳು ಹೆಚ್ಚು, ತಿನ್ನುವವು ಕಡಿಮೆ. ಇಲ್ಲಿ ತಿರುಗುಮುರುಗು, ಸಿಕ್ಕಿರುವುದು ಬಹುಪಾಲು ಮಾಂಸಾಹಾರಿಗಳದೇ ಮೂಳೆ. ಒಂದು ಕಾಡೆಮ್ಮೆ ಸಿಕ್ಕಿಕೊಂಡು ಕೂಗಿದರೆ ಸುಲಭದ ಊಟ ಎಂದು ತೋಳಗಳು, ಕತ್ತಿಹಲ್ಲಿನ ಬೆಕ್ಕುಗಳು ಹಿಂಡುಗಟ್ಟಿ ಬಂದು ತಾವೂ ಸಿಕ್ಕಿಕೊಳ್ಳುತ್ತಿದ್ದವು. ನನಗೆ ಆ ದೃಶ್ಯ ಹೊಸದಲ್ಲ. ಭಾನುವಾರ ವಿಲ್ಶೈರಿನಲ್ಲಿ ಒಬ್ಬಾಕೆ ಕೈಯಲ್ಲಿ ಬೀಗದಕೈ ಹಿಡಿದು ತನ್ನ ಕಾರಿನ ಕಡೆ ನಡೆದಳೆಂದರೆ ಎಂಟು ಕಾರುಗಳು ಹಲ್ಲು ಮಸೆಯುತ್ತ ಅವಳ ಹಿಂದೆ ಬರುತ್ತವೆ. ಅದರಲ್ಲಿ ಒಂದು ನನ್ನದು. ಆಕೆ ಸ್ವೆಟರ್ ತೆಗೆದುಕೊಂಡು ವಾಪಸು ಹೋಗುತ್ತಾಳೆ. ನಾವು ಎಂಟು ಜನ ಅಲ್ಲೇ ಸಿಕ್ಕಿಕೊಳ್ಳುತ್ತೇವೆ.

ಇನ್ನೂ ಒಂದು ಸಂಗತಿ ಮಾವನೇ ಚೀಟಿಯಲ್ಲಿ ಓದಿ ಹೇಳಿದ್ದು. 2006ರಲ್ಲಿ ಪಕ್ಕದ ಕಲಾ ಮ್ಯೂಸಿಯಮ್ಮಿನವರು ನೆಲದಡಿಯ ಪಾರ್ಕಿಂಗಿಗೆಂದು ಅಗೆಸಿದಾಗ ಮೂಳೆಗಳ ರಾಶಿ ಸಿಕ್ಕಿತು. ಮಣ್ಣುಸಮೇತ 23 ದೊಡ್ಡ ಮರದ ಪೆಟ್ಟಿಗೆಗಳಿಗೆ ತುಂಬಿ ತಂದರು, ಇನ್ನೂ ಬಿಡಿಸುತ್ತಲೇ ಇದ್ದಾರೆ. ಅದರ ಜೊತೆಗೇ ಹೆಚ್ಚುಕಡಿಮೆ ಇಡೀ ಅಸ್ಥಿಪಂಜರವಿರುವ ಒಂದು ಮ್ಯಾಮತ್ ಕೂಡ ಸಿಕ್ಕಿತು. ಅದಕ್ಕೆ ಝೆಡ್ ಎಂದು ಹೆಸರಿಟ್ಟಿದ್ದಾರೆ. ಪಾರ್ಕಿಂಗ್ ಹುಡುಕಿದವರಿಗೆ ಆನೆ ಸಿಕ್ಕಿತು ನೋಡಿ. ಆನೆ ಹುಡುಕಿಕೊಂಡು ಬಂದ ನಮಗೆ ಪಾರ್ಕಿಂಗ್ ಸಿಗಲಿಲ್ಲ.

ಆ ಪಕ್ಕದ ಮ್ಯೂಸಿಯಮ್ಮೇ ಲ್ಯಾಕ್ಮಾ, ಅಂದರೆ ಲಾಸ್ ಏಂಜಲೀಸ್ ಕೌಂಟಿಯ ಕಲಾ ಮ್ಯೂಸಿಯಂ. ಕೌಂಟಿಯಲ್ಲಿ ವಾಸವಾಗಿರುವ, 17 ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ. ಮಗು ತನ್ನ ಜೊತೆ ದೊಡ್ಡವರೊಬ್ಬರನ್ನು ಪುಕ್ಕಟೆಯಾಗಿ ಕರೆದೊಯ್ಯಬಹುದು. ನಮ್ಮ ಮನೆಯಲ್ಲಿ ಈ ಒಂದು ನಿಯಮ ಎಬ್ಬಿಸಿದಷ್ಟು ರಾಜಕೀಯವನ್ನು ಆಸ್ತಿ ಪಾಲೂ ಎಬ್ಬಿಸಿಲ್ಲ. ಮಗ ಅಂದು ಮಹಾರಾಜನಂತೆ ನಿಂತು ಎಲ್ಲರ ಮುಖ ನೋಡಿ, "ಅಜ್ಜಿ" ಎಂದ. ಅಜ್ಜಿ ಒಳಗೆ ಹೋದರು. ಮಾವನಿಗೂ ಹೆಂಡತಿಗೂ ಟಿಕೆಟ್ಟು ಕೊಂಡೆ. ಕೌಂಟಿಯ ನಿವಾಸಿಗಳಿಗೆ ವಾರದ ದಿನಗಳಲ್ಲಿ 3 ಗಂಟೆಯ ಮೇಲೆ ಉಚಿತ. ನಾನು ನಿವಾಸಿ. ಗಂಟೆ ಒಂದೂಮುಕ್ಕಾಲು. ಹೊರಗೇ ಉಳಿದೆ.

ಹೊರಗೆ ಉಳಿಯುವವನ ಮೇಲೆ ಲ್ಯಾಕ್ಮಾಗೆ ದಯೆ ಇದೆ. ಕ್ರಿಸ್ ಬರ್ಡನ್ ಎಂಬ ಕಲಾವಿದ ಹಳೆಯ ಬೀದಿದೀಪದ ಕಂಬಗಳನ್ನು ಸಂಗ್ರಹಿಸಿ ಸಾಲಾಗಿ ನಿಲ್ಲಿಸಿದ್ದಾನೆ, ಒಟ್ಟು 202. ಎಣಿಸಿದೆ, ಹೊತ್ತು ಹೋಗಬೇಕಲ್ಲ. ನನ್ನ ಲೆಕ್ಕಕ್ಕೆ ಅಷ್ಟು ಸಿಗಲಿಲ್ಲ, ಯಾರೋ ಫೋಟೋ ತೆಗೆಸಿಕೊಳ್ಳಲು ಅಡ್ಡ ನಿಂತಿದ್ದರು. ಹಿಂದುಗಡೆ ಇನ್ನೊಂದು ಕೃತಿ: 340 ಟನ್ನಿನ ಒಂದು ಬಂಡೆ, ಅದರ ಕೆಳಗೆ ನಾವು ನಡೆದು ಹೋಗುವಂತೆ ಕೊರೆದ ಓಣಿ. ಮೈಕೆಲ್ ಹೈಜರನದು. 2012ರಲ್ಲಿ ರಿವರ್‌ಸೈಡ್ ಕಡೆಯ ಕ್ವಾರಿಯಿಂದ 105 ಮೈಲಿ ಸುತ್ತಿ, 11 ರಾತ್ರಿ ನಡೆಸಿ ತಂದರು. ದಾರಿಯುದ್ದಕ್ಕೂ ಜನ ಜಾತ್ರೆಗೆ ಬಂದ ಹಾಗೆ ಬಂದಿದ್ದರು. ಎಲ್ಲರೂ ಹೊರಬಂದ ಮೇಲೆ ಮಾವನಿಗೆ ಈ ಬಂಡೆಯ ಪೂರ್ವೋತ್ತರವನ್ನೆಲ್ಲ ವಿವರಿಸಿದೆ. ಶ್ರವಣಬೆಳಗೊಳದ ಗೊಮ್ಮಟನಿಗೆ ವರ್ಷ ವರ್ಷ ಮಕ್ಕಳನ್ನು ಪ್ರವಾಸ ಕರೆದೊಯ್ದ ಮೇಷ್ಟ್ರು ಅವರು. ಬಂಡೆಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಕೆಳಗೂ ಹೋಗಿ ಬಂದು, ಕನ್ನಡಕ ಒರೆಸಿಕೊಂಡು ಕೇಳಿದರು: "ತಂದಿದಾರೆ, ಸರಿ. ಕೆತ್ತೋದು ಯಾವಾಗ?"

ಎದುರಿಗೇ ಪೀಟರ್ಸನ್ ಕಾರು ಮ್ಯೂಸಿಯಂ ಇದೆ, ಮೈಗೆ ಉಕ್ಕಿನ ರಿಬ್ಬನ್ನು ಸುತ್ತಿಕೊಂಡಂತೆ. ನಿಂತಿರುವ ಕಾರುಗಳನ್ನು ನೋಡುವುದಕ್ಕೆ ಕಾರಿನಲ್ಲಿ ಹೋಗಿ, ಕಾರು ನಿಲ್ಲಿಸಲು ದುಡ್ಡು ಕೊಟ್ಟು, ಆಮೇಲೆ ಟಿಕೆಟ್ಟಿಗೂ ಕೊಡುವುದು ನನ್ನ ವೇದಾಂತಕ್ಕೆ ಒಗ್ಗಲಿಲ್ಲ. ಅಲ್ಲಿನ ಕಾರುಗಳಿಗೆ ಒಳ್ಳೆಯ ಜಾಗ ಸಿಕ್ಕಿದೆ ಎಂದು ರಸ್ತೆಯಿಂದಲೇ ಹೊಟ್ಟೆಕಿಚ್ಚುಪಟ್ಟು ಬಂದೆ.

ಎಂಡೆವರ್ ಬಾಹ್ಯಾಕಾಶ ನೌಕೆಯ ಕಥೆಯೂ ಇದೇ ಜಾತಿಯದು. 25 ಸಲ ಆಕಾಶಕ್ಕೆ ಹೋಗಿಬಂದ ನೌಕೆ. 2012ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದಿಂದ ಎಕ್ಸ್‌ಪೊಸಿಷನ್ ಪಾರ್ಕಿನ ವಿಜ್ಞಾನ ಕೇಂದ್ರಕ್ಕೆ, ಬರೀ 12 ಮೈಲಿ, ಬೀದಿಗಳಲ್ಲಿ ಎಳೆದುಕೊಂಡು ಹೋಗಲು ಮೂರು ದಿನ ಹಿಡಿಯಿತು. ದಾರಿಗೆ ಅಡ್ಡವಾಗಿದ್ದ ಸುಮಾರು 400 ಮರ ಕಡಿದರು. ಈ ಊರಿನ ಟ್ರಾಫಿಕ್ಕಿನ ಬಗ್ಗೆ ನಾನು ಹೇಳಿದ್ದನ್ನು ನಂಬದ ಬಂಧುಗಳಿಗೆ ಈಗ ಇದೊಂದನ್ನೇ ಹೇಳುತ್ತೇನೆ. 2024ರ ಜನವರಿಯಲ್ಲಿ ಅದನ್ನು ಉಡಾವಣೆಗೆ ನಿಲ್ಲಿಸಿದಂತೆ ರಾಕೆಟ್ಟುಗಳ ಸಮೇತ ನೆಟ್ಟಗೆ ನಿಲ್ಲಿಸಿದರು. "ಅಡ್ಡಡ್ಡ ಇಟ್ಟರೆ ಜಾಗ ಜಾಸ್ತಿ ಬೇಕಲ್ಲ" ಎಂದರು ಮಾವ. ಅವರಿಗೂ ನನ್ನ ರೋಗ ಅಂಟುತ್ತಿತ್ತು.

ಪ್ಯಾಸಡೀನಾದ ನಾರ್ಟನ್ ಸೈಮನ್ ಮ್ಯೂಸಿಯಮ್ಮಿನಲ್ಲಿ ಪಾರ್ಕಿಂಗ್ ಪುಕ್ಕಟೆ ಎಂದು ತಿಳಿದಾಗ ನನಗೆ ಅನುಮಾನವೇ ಬಂತು. ಟೊಮೆಟೊ ಸಾಸು ಮಾರಿ ದೊಡ್ಡವನಾದ ಉದ್ಯಮಿ ಸೈಮನ್, ಕೈಗೆ ಬಂದ ದುಡ್ಡನ್ನೆಲ್ಲ ಚಿತ್ರ, ಶಿಲ್ಪಗಳಿಗೆ ಸುರಿದ. ಕೆಳಗಿನ ಅಂತಸ್ತಿನಲ್ಲಿ ನಮ್ಮ ದೇವರುಗಳಿದ್ದಾರೆ, ಚೋಳರ ಕಾಲದ ಕಂಚಿನ ವಿಗ್ರಹಗಳು. ಅತ್ತೆ ಮೆಟ್ಟಿಲಿಳಿದವರೇ, "ಚಪ್ಪಲಿ ಎಲ್ಲಿ ಬಿಡೋದು?" ಎಂದರು. ಬಿಡಬೇಕಾಗಿಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಒಂದೊಂದು ಮೂರ್ತಿಯ ಮುಂದೆಯೂ ಕಣ್ಣು ಮುಚ್ಚಿ ನಿಂತರು. ಕಾವಲಿನವನು ಗಾಬರಿಯಿಂದ ನೋಡಿದ, ಆಮೇಲೆ ಗೌರವದಿಂದ ದೂರ ಸರಿದ. "ದೇವರಿಗೆ ಏಸಿ ಹಾಕಿದಾರೆ, ನೈವೇದ್ಯ ಮಾತ್ರ ಇಲ್ಲ" ಎಂದು ಅವರ ವರದಿ. ಸೈಮನ್ 1970ರ ದಶಕದಲ್ಲಿ ಕೊಂಡಿದ್ದ ಶಿವಪುರಂ ನಟರಾಜ ಕದ್ದ ಮಾಲೆಂದು ಭಾರತ ಸರ್ಕಾರ ದಾವೆ ಹೂಡಿತ್ತು. ಹತ್ತು ವರ್ಷ ಇಲ್ಲಿಟ್ಟುಕೊಂಡು ಆಮೇಲೆ ಕೊಡುವುದೆಂದು ರಾಜಿಯಾಗಿ 1986ರಲ್ಲಿ ವಾಪಸು ಹೋಯಿತು. "ಹತ್ತು ವರ್ಷವೇ!" ಎಂದರು ಅತ್ತೆ. "ನಮಗೆ ಆರು ತಿಂಗಳ ಮೇಲೆ ಒಂದು ದಿನ ಕೊಡಲ್ಲ."

ಸ್ಯಾನ್ ಮರೀನೋದ ಹಂಟಿಂಗ್ಟನ್ನಿನಲ್ಲೂ ಕಾರಿಗೆ ದುಡ್ಡಿಲ್ಲ. ಆ ಸಂತೋಷವನ್ನು ಟಿಕೆಟ್ ಕೌಂಟರಿನಲ್ಲಿ ವಸೂಲು ಮಾಡಿಕೊಳ್ಳುತ್ತಾರೆ. ಗುಟೆನ್‌ಬರ್ಗ್ ಬೈಬಲ್, ಕಳ್ಳಿಗಿಡಗಳ ದೊಡ್ಡ ತೋಟ, ಗೇನ್ಸ್‌ಬರೊ ಬರೆದ ನೀಲಿ ಬಟ್ಟೆಯ ಹುಡುಗ. ಆ ಹುಡುಗನನ್ನು ಹೆನ್ರಿ ಹಂಟಿಂಗ್ಟನ್ 1921ರಲ್ಲಿ ಕೊಂಡಾಗ ಇಂಗ್ಲೆಂಡಿನವರು ಕಣ್ಣೀರು ಹಾಕಿದ್ದರು. "ದೀಪ ಇಲ್ಲ ಏನಿಲ್ಲ" ಎಂದು ಅತ್ತೆ ಮುಂದಕ್ಕೆ ನಡೆದರು. ನನಗೆ ಸಂಕಟವಾದದ್ದು ಬೇರೆ ವಿಷಯಕ್ಕೆ. ಇದೇ ಹಂಟಿಂಗ್ಟನ್ ಈ ಇಡೀ ಪ್ರಾಂತ್ಯಕ್ಕೆ ಕೆಂಪು ಟ್ರಾಮುಗಳ ಜಾಲ ಹಾಸಿದವನು, ಸಾವಿರ ಮೈಲಿಗೂ ಹೆಚ್ಚು ಹಳಿ. ಅದರ ಕೊನೆಯ ಮಾರ್ಗವೂ 1961ರಲ್ಲಿ ಮುಚ್ಚಿತು. ಅದು ಇದ್ದಿದ್ದರೆ ಈ ಲೇಖನ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮರಳಿ ಬರುವಾಗ ಹೆಂಡತಿ ತನ್ನ ಸಂಶೋಧನೆಯನ್ನು ಮಂಡಿಸಿದಳು. ಗೆಟ್ಟಿಗೆ ಐದು ಮದುವೆ, ಐದು ವಿಚ್ಛೇದನ. ಹಂಟಿಂಗ್ಟನ್ ಮೊದಲ ಹೆಂಡತಿಯನ್ನು ಬಿಟ್ಟು ತನ್ನ ಚಿಕ್ಕಪ್ಪನ ವಿಧವೆಯನ್ನು ಮದುವೆಯಾದ. ಇನ್ನು ನಕ್ಷತ್ರ ತೋರಿಸುವ ಗ್ರಿಫಿತ್ ವೀಕ್ಷಣಾಲಯಕ್ಕೆ ದುಡ್ಡು ಬಿಟ್ಟುಹೋದ ಗ್ರಿಫಿತ್ 1903ರಲ್ಲಿ ಹೆಂಡತಿಗೆ ಗುಂಡು ಹಾರಿಸಿದ. ಆಕೆ ಬದುಕಿದಳು, ಒಂದು ಕಣ್ಣು ಹೋಯಿತು. ಅವನು ಜೈಲಿಗೆ ಹೋಗಿಬಂದ ಮೇಲೆ ಊರಿಗೆಲ್ಲ ಆಕಾಶ ನೋಡಲು ದಾನ ಬರೆದ. "ಊರಿಗೆ ದುರ್ಬೀನು, ಹೆಂಡತಿಗೆ ಕುರುಡು" ಎಂದವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೇಲಿ ನೆಮ್ಮದಿಯಾಗಿದ್ದೋರು ಯಾರೂ ಮ್ಯೂಸಿಯಂ ಕಟ್ಟಲ್ಲ ಕಣ್ರೀ. ನೀವು ಕಟ್ಟಿಲ್ಲ ಅಂದ್ರೆ ಅದಕ್ಕೆ ನಾನೇ ಕಾರಣ" ಎಂದಳು. ಹಿಂದಿನ ಸೀಟಿನಿಂದ ಮಾವ, "ಆಧಾರ ಇದೆ" ಎಂದರು.

ಈ ಸಿದ್ಧಾಂತಕ್ಕೆ ಒಂದು ಅಪವಾದ ಕಲ್ವರ್ ಸಿಟಿಯ ಜುರಾಸಿಕ್ ಟೆಕ್ನಾಲಜಿ ಮ್ಯೂಸಿಯಂ. ಡೇವಿಡ್ ವಿಲ್ಸನ್ ಮತ್ತು ಆತನ ಹೆಂಡತಿ ಡಯಾನಾ 1988ರಲ್ಲಿ ಸೇರಿ ಮಾಡಿದ್ದು. ನನ್ನ ಮಟ್ಟಿಗೆ ಈ ಊರಿನಲ್ಲಿ ಇದಕ್ಕೆ ಸಾಟಿಯಿಲ್ಲ. ಅರೆಗತ್ತಲೆಯ ಸಣ್ಣ ಸಣ್ಣ ಕೋಣೆಗಳು. ಸೂಜಿಯ ಕಣ್ಣಿನೊಳಗೆ ನಿಂತ, ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಗೊಂಬೆಗಳು. ಅವು ನಿಜ, ಹಾಗೋಪ್ ಸಾಂದಲ್ಜಿಯನ್ ಎಂಬಾತ ಮಾಡಿದವು. ಪಕ್ಕದಲ್ಲೇ ಸೀಸದ ಗೋಡೆಯನ್ನು ತೂರಿಹೋಗುವ ಬಾವಲಿಯ ವಿವರ, ಅಷ್ಟೇ ಗಂಭೀರವಾದ ಅಕ್ಷರಗಳಲ್ಲಿ, ಇಸವಿ ಸಮೇತ. ಅದು ನಿಜವೇ? ಯಾವ ಚೀಟಿಯೂ ಹೇಳುವುದಿಲ್ಲ. ಸೋವಿಯತ್ ದೇಶದವರು ಬಾಹ್ಯಾಕಾಶಕ್ಕೆ ಕಳಿಸಿದ ನಾಯಿಗಳ ತೈಲಚಿತ್ರಗಳಿಗೇ ಒಂದು ಕೋಣೆ. ಚೀಟಿಯಲ್ಲಿ ಬರೆದದ್ದನ್ನೆಲ್ಲ ನಂಬುತ್ತ ಬಂದ ಮಾವ ಮೊದಲ ಸಲ ಚೀಟಿಯ ಮುಂದೆ ಬೆವತರು. ಓದಿದರು, ಹಿಂದಕ್ಕೆ ಹೋದರು, ಮತ್ತೆ ಓದಿದರು. ಮೊಮ್ಮಗನನ್ನು ಕರೆದು, "ಫೋನು ನೋಡು" ಎಂದರು. ಫೋನಿಗೂ ತಿಳಿಯಲಿಲ್ಲ. ಮೇಲಿನ ಕೋಣೆಯಲ್ಲಿ ರಷ್ಯನ್ ಚಹಾ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಲೋಟ ಹಿಡಿದುಕೊಂಡು ಮಾವ ಬಹಳ ಹೊತ್ತು ಮಾತಾಡಲಿಲ್ಲ.

"ನನಗೆ ಈ ಮ್ಯೂಸಿಯಂ ಹೊಸದು ಅನ್ನಿಸಲೇ ಇಲ್ಲ" ಎಂದಳು ಹೆಂಡತಿ. "ಎಲ್ಲಾನೂ ಗಟ್ಟಿಯಾಗಿ, ಇಸವಿ ಸಮೇತ ಹೇಳೋದು. ಯಾವುದು ನಿಜ, ಯಾವುದು ಸುಳ್ಳು ಅಂತ ದೇವರಿಗೂ ಗೊತ್ತಾಗಬಾರದು. ಹದಿನಾಲ್ಕು ವರ್ಷದಿಂದ ಮನೇಲೇ ನೋಡ್ತಿದೀನಲ್ಲ."

ನಾನು ಉತ್ತರ ಕೊಡಲಿಲ್ಲ. ಹೊರಗೆ ಮೀಟರಿನ ಸಮಯ ಮುಗಿಯುವುದರಲ್ಲಿತ್ತು.

ನೀವು ಈ ಕಡೆ ಬರುವುದಾದರೆ ಒಂದು ಮಾತು ನೆನಪಿರಲಿ. ಸೋಮವಾರ ಗೆಟ್ಟಿ ಸೆಂಟರಿಗೂ ಗ್ರಿಫಿತ್ ವೀಕ್ಷಣಾಲಯಕ್ಕೂ ರಜ. ಮಂಗಳವಾರ ಗೆಟ್ಟಿ ವಿಲ್ಲಾ, ಹಂಟಿಂಗ್ಟನ್ ಎರಡೂ ಇಲ್ಲ, ನಾರ್ಟನ್ ಸೈಮನ್ನಿಗೆ ಮಂಗಳವಾರ ಬುಧವಾರ ಎರಡು ದಿನವೂ ರಜ. ಲ್ಯಾಕ್ಮಾಗೆ ಬುಧವಾರ. ವಿಜ್ಞಾನ ಕೇಂದ್ರಕ್ಕೆ ಮೆಟ್ರೊದ ಇ ಲೈನ್ ರೈಲಿದೆ, ಬಾಗಿಲ ಹತ್ತಿರವೇ ಇಳಿಸುತ್ತದೆ, ಅದರಲ್ಲೇ ಹೋಗಿ. ಉಳಿದ ಕಡೆಗೆ ನನ್ನನ್ನು ಕೇಳಿ. ಚಿತ್ರಗಳ ವಿಷಯ ನಮ್ಮ ಅತ್ತೆಯನ್ನು ಕೇಳಿ.